ಎತ್ತರಕ್ಕೆ ಹತ್ತು ಪಟ್ಟು

ಫೆಬ್ರವರಿ ೩, ಸೋಮವಾರ

ಇವತ್ತು ಬರೆಯದೆ ಹೋದರೆ ಯಾರಿಗಾದರೂ ಬಾರಿಸಿಬಿಡುತ್ತೇನೆ. ಈ ನೋಟ್‌ಬುಕ್ಕನ್ನು ನಮ್ಮ ಮನೆಯವರು ಹೋದ ವರ್ಷ ತಂದುಕೊಟ್ಟಿದ್ದರು. "ನಿನ್ನ ಕೋಪಾನೆಲ್ಲ ಇದರಲ್ಲಿ ಬರಿ, ನನ್ನ ಕಿವಿಗೂ ಸ್ವಲ್ಪ ರಜೆ ಸಿಗ್ಲಿ" ಅಂದಿದ್ದರು. ತಗೊಳ್ಳಿ, ಇವತ್ತಿನಿಂದ ನಿಮ್ಮ ಕಿವಿಗೆ ರಜೆ.

ಶನಿವಾರ ದೊಡ್ಡ ಸಭಾಂಗಣದಲ್ಲಿ ಶಾಲೆಗಳ ಕ್ವಿಜ್ ಇತ್ತು. ಬಂದ ಶಾಲೆಗಳಲ್ಲಿ ಅಂಧ ಮಕ್ಕಳ ಶಾಲೆ ನಮ್ಮದೊಂದೇ. ನಮ್ಮ ಕಡೆಯಿಂದ ಹೋದವಳು ಇರುವೆ. ಎಂಟನೇ ತರಗತಿ, ಹದಿಮೂರು ವರ್ಷ. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ನನ್ನ ಮಾದರಿಗಳ ಮೇಲೆ ಅವಳ ಹತ್ತು ಬೆರಳೂ ಇರುವೆ ಸಾಲಿನ ಹಾಗೆ ಹರಿದಾಡುವುದನ್ನು ಕಂಡು ನಾನು ಇಟ್ಟ ಹೆಸರು ಇದು. ಮೂವತ್ತು ವರ್ಷದಿಂದ ಈ ಶಾಲೆಗೆ ಬೆಟ್ಟ, ನದಿ, ದ್ವೀಪ, ಜ್ವಾಲಾಮುಖಿಗಳನ್ನು ಪ್ಲಾಸ್ಟರ್‌ನಲ್ಲಿ ಮಾಡಿಕೊಡುತ್ತಿದ್ದೇನೆ. ಮಕ್ಕಳು ಮುಟ್ಟಿ ಕಲಿಯುತ್ತಾರೆ. ನನ್ನನ್ನು 'ಗಾರೆ ಮೇಡಂ' ಅನ್ನುತ್ತಾರೆ. ಆದರೆ ಇರುವೆಯಂಥ ಬೆರಳುಗಳು ನನ್ನ ಕೋಣೆಗೆ ಇನ್ನೊಂದು ಸಲ ಬಂದಿಲ್ಲ.

"ಭೂಮಿಯ ಮೇಲಿನ ಅತಿ ದೊಡ್ಡ ಸಕ್ರಿಯ ಜ್ವಾಲಾಮುಖಿ ಯಾವುದು? ಅದರ ಆಕಾರ ಹೇಳಿ" ಎಂದು ಪ್ರಶ್ನೆ ಬಂತಂತೆ. ಜೊತೆಗೆ ಹೋಗಿದ್ದ ವಾರ್ಡನ್ ಹೇಳಿದ್ದು ಇದೆಲ್ಲ. ಎಲ್ಲರಿಗಿಂತ ಮೊದಲು ಇರುವೆ ಗಂಟೆ ಒತ್ತಿದಳಂತೆ. "ಮೌನಾ ಲೋವಾ. ಲಾಳಿಕೆ ಬೋರಲು ಹಾಕಿದ ಹಾಗಿರತ್ತೆ. ಪಕ್ಕ ಕಡಿದಾಗಿ, ತುದಿ ಚೂಪಾಗಿ" ಅಂದಳಂತೆ. ಆಗ ಆ ನಿರೂಪಕ ಮಹಾಶಯ ಪರದೆಯ ಮೇಲೆ ಒಂದು ಫೋಟೋ ಹಾಕಿದನಂತೆ. ಬೋರಲು ಹಾಕಿದ ತಟ್ಟೆಯ ಹಾಗೆ ಉದ್ದಕ್ಕೆ ಮಲಗಿರುವ ಬೆಟ್ಟ. ಐನೂರು ಜನ ಗೊಳ್ಳೆಂದು ನಕ್ಕರಂತೆ. ಯಾಕೆ ನಗುತ್ತಿದ್ದಾರೆಂದು ಗೊತ್ತಾಗದೆ ಇರುವೆಯೂ ನಕ್ಕಳಂತೆ.

ಅಷ್ಟಕ್ಕೇ ಬಿಟ್ಟನೇ ಅವನು? "ನಗಬೇಡಿ, ಪಾಪ. ಕಣ್ಣಿದ್ದಿದ್ರೆ ಅವಳಿಗೂ ಗೊತ್ತಾಗ್ತಿತ್ತು" ಅಂದನಂತೆ ಮೈಕಿನಲ್ಲಿ. ಪಾಪ! ಅವನ ಪಾಪಕ್ಕೆ ಬೆಂಕಿ ಬೀಳ. ಯಾವನೋ ಯಾವ ಕಡೆಯಿಂದಲೋ ತೆಗೆದ ಫೋಟೋ ನಂಬಿಕೊಂಡು, ಅಂಗೈಯಲ್ಲಿ ಬೆಟ್ಟ ಹಿಡಿದು ಕಲಿತ ಹುಡುಗಿಗೆ ಪಾಪ ಅನ್ನುತ್ತಾನೆ! ದೂರದ ಬೆಟ್ಟ ನುಣ್ಣಗೆ ಅನ್ನೋ ಗಾದೆ ಇಂಥ ಕಣ್ಣಿನವರಿಗಾಗಿಯೇ ಹುಟ್ಟಿರಬೇಕು.

ಫೆಬ್ರವರಿ ೪, ಮಂಗಳವಾರ

ಇರುವೆ ಮಾದರಿ ಕೋಣೆಗೆ ಬಂದಳು. ಬಾಗಿಲಲ್ಲೇ ನಿಂತಳು. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಾಳೆ, ಚಳಿಗೆ ಹಿಡಿದುಕೊಂಡ ಹಾಗೆ.

"ಬಾರೇ, ಹೊಸದೊಂದು ಮಾಡಿದೀನಿ. ಟೋಬಾ. ಅಷ್ಟು ದೊಡ್ಡ ಜ್ವಾಲಾಮುಖಿ ಸಿಡಿದು ಕುಸಿದು ಆದ ಗುಂಡಿ, ಈಗ ಅದರೊಳಗೆ ಒಂದು ಸರೋವರ. ಕೈ ಹಾಕಿ ನೋಡು, ಬಾವಿ ಇದ್ದ ಹಾಗಿದೆ" ಅಂದೆ.

"ಬೇಡ ಮೇಡಂ."

"ಯಾಕೆ?"

"ಮುಟ್ಟಿದ್ರೆ ತಪ್ಪು ಗೊತ್ತಾಗತ್ತೆ. ಮುಟ್ಟದೇ ಇದ್ರೆ ಏನೂ ಗೊತ್ತಾಗಲ್ಲ. ಗೊತ್ತಿಲ್ಲ ಅಂದ್ರೆ ಯಾರೂ ನಗಲ್ಲ."

ವಾರ್ಡನ್ ಹೇಳುವ ಪ್ರಕಾರ ಊಟದ ತಟ್ಟೆ ಬಿಟ್ಟರೆ ಏನನ್ನೂ ಮುಟ್ಟುತ್ತಿಲ್ಲವಂತೆ. ಬ್ರೈಲ್ ಪುಸ್ತಕವನ್ನೂ ಬೇರೆ ಹುಡುಗಿಯರಿಂದ ಓದಿಸಿಕೊಳ್ಳುತ್ತಾಳಂತೆ. ಕಣ್ಣಿಲ್ಲದ ಮಗು ಕೈಯನ್ನೂ ಮುಚ್ಚಿಕೊಂಡರೆ ಅದಕ್ಕೆ ಪ್ರಪಂಚದಲ್ಲಿ ಇನ್ನೇನು ಉಳಿಯಿತು? ಸಭಾಂಗಣಕ್ಕೆ ಮೂರು ಸಲ ಫೋನ್ ಮಾಡಿ ಆ ನಿರೂಪಕನ ನಂಬರ್ ಕೇಳಿದೆ. ಕೊಡುವುದಿಲ್ಲವಂತೆ. ಸಿಗಲಿ ಅವನು, ಮೌನಾ ಲೋವಾ ಮಾದರಿಯನ್ನು ಅವನ ತಲೆಯ ಮೇಲೆ ಬೋರಲು ಹಾಕುತ್ತೇನೆ.

ಫೆಬ್ರವರಿ ೬, ಗುರುವಾರ

ಬಂದ ಕೋಪದಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ.

ಹೋದ ಜೂನ್‌ನಿಂದ ನಮ್ಮಲ್ಲಿ ಹೊಸ ಭೂಗೋಳದ ಮೇಷ್ಟ್ರು. ಹೊಸಬನೇನಲ್ಲ, ನನ್ನ ಕೈಯಲ್ಲೇ ಕಲಿತವನು. ಅವನಿಗೂ ಹುಟ್ಟಿನಿಂದ ಕಣ್ಣಿಲ್ಲ. ಚಿಕ್ಕವನಿದ್ದಾಗ ಮಾತೆತ್ತಿದರೆ 'ಯಾಕೆ' ಅನ್ನುತ್ತಿದ್ದ. ಹಾಗಾಗಿ ಇಡೀ ಶಾಲೆಗೆ ಅವನು ಯಾಕಪ್ಪ. "ಬೆಂಕಿ ಉಗುಳೋ ಬೆಟ್ಟಕ್ಕೆ ಮೌನ ಅಂತ ಯಾಕೆ ಹೆಸರು ಮೇಡಂ?" ಎಂದು ಒಂದು ವಾರ ನನ್ನ ಜೀವ ತಿಂದಿದ್ದ. ಅದು ನಮ್ಮ ಮೌನ ಅಲ್ಲ ಕಣೋ, ಆ ದ್ವೀಪದವರ ಭಾಷೆಯಲ್ಲಿ ಮೌನಾ ಅಂದರೆ ಬೆಟ್ಟ, ಲೋವಾ ಅಂದರೆ ಉದ್ದ, ಉದ್ದ ಬೆಟ್ಟ ಅಂತ ಅರ್ಥ ಎಂದು ಹೇಳಿಕೊಟ್ಟವಳೇ ನಾನು. ಆ ಯಾಕಪ್ಪ ಇವತ್ತು ನನ್ನ ಮೇಲೆ ಹೆಡ್ ಮೇಡಂಗೆ ಬರೆದುಕೊಟ್ಟಿದ್ದಾನೆ! 'ಮಾದರಿ ಕೋಣೆಯ ಮೌನಾ ಲೋವಾ ತಪ್ಪಾಗಿದೆ. ಹುಡುಗಿಯ ಉತ್ತರ ತಪ್ಪಾಗಲು ಅದೇ ಕಾರಣ.' ಎರಡೇ ಸಾಲು. ಗುರುವಿಗೆ ತಿರುಮಂತ್ರ ಅಂದರೆ ಇದೇ.

ಹೋಗಿ ಸ್ಟಾಫ್ ರೂಮಿನಲ್ಲೇ ಹಿಡಿದುಕೊಂಡೆ. ಶಾಲೆಯಲ್ಲಿ ಅವನಿಗೆ ನೀವು ತಾವು ಅನ್ನಬೇಕೆಂದು ಹೆಡ್ ಮೇಡಂ ಹೇಳಿದ್ದಾರೆ. ಎಲ್ಲ ಮರೆತುಹೋಯಿತು.

"ಏನೋ ನೀನು, ನನ್ನ ಮಾದರಿ ತಪ್ಪು ಅಂತೀಯಾ?"

"ಮೇಡಂ, ಕೂತ್ಕೊಳಿ. ಆ ಬೆಟ್ಟದ ಅಗಲ ನೂರ ಇಪ್ಪತ್ತು ಕಿಲೋಮೀಟರ್. ನೀರಿನ ಮೇಲೆ ಎತ್ತರ ನಾಲ್ಕು ಚಿಲ್ಲರೆ. ನಿಮ್ಮ ಮಾದರಿ ಅಗಲ ಮೂವತ್ತು ಸೆಂಟಿಮೀಟರ್. ಎತ್ತರ ಎಷ್ಟಿರಬೇಕು?"

"ಒಂದು."

"ಎಷ್ಟಿದೆ?"

ಹತ್ತಿದೆ. ಗೊತ್ತಿಲ್ಲವೇ ನನಗೆ? ಎತ್ತರಕ್ಕೆ ಹತ್ತು ಪಟ್ಟು ಅನ್ನುವುದು ನಮ್ಮ ಕೆಲಸದ ರೂಢಿ. ನನಗೆ ಈ ಕೆಲಸ ಕಲಿಸಿದ ದೊಡ್ಡ ಮೇಸ್ತ್ರಿ "ಬೆರಳಿಗೆ ಸಿಗದ್ದು ಬೆಟ್ಟವೇ ಅಲ್ಲ" ಅನ್ನುತ್ತಿದ್ದರು. ಒಂದು ಸೆಂಟಿಮೀಟರ್ ಉಬ್ಬನ್ನು ಮೂವತ್ತು ಸೆಂಟಿಮೀಟರ್ ಮೇಲೆ ಹರಡಿದರೆ ಮಗುವಿಗೆ ಏನು ಗೊತ್ತಾಗಬೇಕು, ಅದರ ಪಿಂಡ? ಅದಕ್ಕೇ ಮೂವತ್ತೊಂದು ಮಾದರಿಗೂ ಎತ್ತರ ಹತ್ತು ಪಟ್ಟು. ಮೋಸ ಮಾಡುವವಳಾದರೆ ಬಚ್ಚಿಡುತ್ತಿದ್ದೆ. ನಾನು ಬಚ್ಚಿಟ್ಟಿಲ್ಲ, ಪ್ರತಿಯೊಂದರ ಅಡಿಯಲ್ಲೂ ಬರೆದಿದ್ದೇನೆ.

ಹಾಗೇ ಹೇಳಿದೆ. "ಬರೆದಿದೆ ಕಣೋ! ಅಡಿಯಲ್ಲಿ ಬರೆದಿದೆ! ನಾನೇ ಕೈಯಾರೆ ಬರೆದಿದೀನಿ!" ಕೋಣೆಗೆ ಓಡಿ ಮೌನಾ ಲೋವಾವನ್ನು ಎತ್ತಿಕೊಂಡು ಬಂದೆ, ಮೇಜಿನ ಮೇಲೆ ಮಗುಚಿದೆ, ಅವನ ಕೈ ಹಿಡಿದು ಅದರ ಮೇಲೆ ಇಟ್ಟೆ. "ಇಲ್ನೋಡು!"

ಅವನು ನೋಡಿದ. ಬೆರಳಾಡಿಸಿದ, ಈ ತುದಿಯಿಂದ ಆ ತುದಿಯವರೆಗೆ, ಇನ್ನೊಂದು ಸಲ ಆ ತುದಿಯಿಂದ ಈ ತುದಿಗೆ. ನುಣ್ಣಗಿತ್ತು. ಪೆನ್ಸಿಲ್‌ನಲ್ಲಿ ಬರೆದದ್ದು ಬೆರಳಿಗೆ ಹೇಗೆ ಸಿಗಬೇಕು?

"ಎಲ್ಲಿ ಮೇಡಂ?" ಅಂದ.

ಕೊಂಕಿನಿಂದ ಅಂದದ್ದಲ್ಲ. ನಿಜವಾಗಿಯೂ ಹುಡುಕುತ್ತಿದ್ದ.

ಮಾದರಿ ಎತ್ತಿಕೊಂಡು ಬಂದುಬಿಟ್ಟೆ. ಎಷ್ಟು ಕೆಟ್ಟವನು ನೋಡಿ. ಎಲ್ಲರೆದುರಿಗೆ ಹಾಗೆ ಕೇಳಬಹುದೇ?

ಫೆಬ್ರವರಿ ೭, ಶುಕ್ರವಾರ

ಬರೆಯುವುದಕ್ಕೆ ಏನೂ ಇಲ್ಲ. ಕೋಪ ಇದೆ.

ಫೆಬ್ರವರಿ ೧೦, ಸೋಮವಾರ

ಹೆಡ್ ಮೇಡಂ ಕರೆಸಿದರು. ಅವರ ಮಾತು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ನಿಮ್ಮ ಸೇವೆ ದೊಡ್ಡದು, ಅವರು ಹೇಳೋದ್ರಲ್ಲೂ ಅರ್ಥ ಇದೆ, ಸಮಿತಿ ಏನು ಹೇಳತ್ತೋ ನೋಡೋಣ, ಅಲ್ಲೀವರೆಗೆ ಕೋಣೆಗೆ ಬೀಗ ಹಾಕಿರೋಣ." ಮೂವತ್ತು ವರ್ಷ ನನ್ನ ಸೊಂಟದಲ್ಲಿದ್ದ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟು ಬಂದೆ. ಇನ್ನು ಮುಂದೆ ಯಂತ್ರದಲ್ಲಿ ಮಾದರಿ ಮಾಡಿಸುವ ಯೋಚನೆಯೂ ಇದೆಯಂತೆ. ಮಾಡಿಸಲಿ! ಆ ಯಂತ್ರ ಮಕ್ಕಳ ಮೂಗು ಒರೆಸುತ್ತದೋ ನೋಡೋಣ.

ಮನೆಗೆ ಬಂದು ನಮ್ಮವರ ಮುಂದೆ ಎಲ್ಲ ಕಕ್ಕಿಬಿಟ್ಟೆ. ನಿರೂಪಕನಿಂದ ಹಿಡಿದು ಯಾಕಪ್ಪನವರೆಗೆ ಒಬ್ಬರನ್ನೂ ಬಿಡಲಿಲ್ಲ. ಅವರು ಮೂವತ್ತೈದು ವರ್ಷ ಲಾರಿ ಓಡಿಸಿ ಮನೆಯಲ್ಲಿ ಕೂತವರು. ಎಂಥ ಶಬ್ದಕ್ಕೂ ಜಗ್ಗುವುದಿಲ್ಲ.

"ಅಲ್ವೇ, ಆ ಮೇಷ್ಟ್ರು ಮಾದರಿ ತಪ್ಪು ಅಂದ್ರು. ನೀನು ತಪ್ಪು ಅಂತ ಅಂದ್ರಾ?"

"ಎರಡೂ ಒಂದೇ ರೀ!"

"ಹಂಗಾದ್ರೆ ಸರಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ."

"ಐನೂರು ಜನ ನಕ್ಕಿದಾರೆ ರೀ ಆ ಮಗೂನ ನೋಡಿ! ನಿಮಗೆ ತಮಾಷೆ!"

"ಐನೂರು? ಆ ಹಾಲಿಗೆ ನಾನೇ ಕುರ್ಚಿ ಸಾಗಿಸಿದೀನಿ. ನೂರ ಇಪ್ಪತ್ತಕ್ಕಿಂತ ಜಾಸ್ತಿ ಹಿಡಿಯಲ್ಲ. ಕಡ್ಡೀನ ಗುಡ್ಡ ಮಾಡೋದು ನಿನ್ನ ಉದ್ಯೋಗ, ಅದಕ್ಕೆ ಸಂಬಳಾನೂ ಕೊಡ್ತಾರೆ ಅಂತ ಮನೇಲೂ ಮಾಡ್ಬೇಕಾ?"

ಅವರ ಜೊತೆ ಮಾತು ಬಿಟ್ಟಿದ್ದೇನೆ. ಎರಡು ದಿನ ಆಡುವುದಿಲ್ಲ.

ಫೆಬ್ರವರಿ ೧೩, ಗುರುವಾರ

ಸರಿ, ನಿಜವಾದ ಅಳತೆಯ ಬೆಟ್ಟ ಬೇಕು ತಾನೇ ನಿಮಗೆ? ತಗೊಳ್ಳಿ. ಮನೆಯ ಹಿತ್ತಲಲ್ಲಿ ಕೂತು ಎರಡು ದಿನದಲ್ಲಿ ಮಾಡಿ ಒಣಗಿಸಿದೆ. ಮೂವತ್ತು ಸೆಂಟಿಮೀಟರ್ ಅಗಲ, ಒಂದೇ ಒಂದು ಸೆಂಟಿಮೀಟರ್ ಎತ್ತರ. ತಗೊಂಡು ಹೋಗಿ ಯಾಕಪ್ಪನ ಮುಂದೆ ಕುಕ್ಕಿದೆ.

"ಹಿಡಿ. ಬೆಟ್ಟ ಎಲ್ಲಿದೆ ಹೇಳು."

ತುಂಬ ಹೊತ್ತು ಮುಟ್ಟಿದ. ಅಂಗೈ ಇಟ್ಟ, ಬೆರಳ ತುದಿ ಇಟ್ಟ, ಕೊನೆಗೆ ಕೆನ್ನೆಯನ್ನೂ ಇಟ್ಟು ನೋಡಿದ.

"ತಟ್ಟೆ ಥರ ಇದೆ" ಅಂದ.

"ಗೊತ್ತಾಯ್ತಾ ಈಗ? ದೊಡ್ಡ ಮೇಸ್ತ್ರಿ ಸುಮ್ನೆ ಹೇಳಿದ್ರಾ? ಬೆರಳಿಗೆ ಸಿಗಲ್ಲ ನಿನ್ನ ನಿಜ!" ನನಗೆ ಗೆದ್ದ ಖುಷಿ.

"ಸಿಗಲ್ಲ ನಿಜ ಮೇಡಂ. ಆದ್ರೆ ಬೆರಳಿಗೆ ಸಿಗಲಿಲ್ಲ ಅಂದ್ರೆ ಬೆರಳು ಸಾಲಲಿಲ್ಲ ಅಂತ. ಬೆಟ್ಟದ್ದೇನು ತಪ್ಪು?"

ನಾನು ತಟ್ಟೆ ಬೆಟ್ಟವನ್ನು ವಾಪಸ್ ಚೀಲಕ್ಕೆ ತುರುಕಿದೆ.

ಆಮೇಲೆ ಅವನು ಟೀ ತರಿಸಿದ. ಕುಡಿಯಬಾರದು ಅಂದುಕೊಂಡಿದ್ದೆ, ಕುಡಿದೆ. ಟಾಮು ಎಂಬ ಒಂದು ಕಡಲೊಳಗಿನ ಗುಡ್ಡದ ಕಥೆ ಹೇಳಿದ. ಅದರ ಅಗಲದ ಮುಂದೆ ಮೌನಾ ಲೋವಾ ಕೂಸಂತೆ. ಏರು ಎಷ್ಟು ಕಡಿಮೆ ಅಂದರೆ ಅದರ ಮೇಲೆ ನಿಂತವರಿಗೆ ಇಳಿಜಾರು ಯಾವ ಕಡೆ ಎಂದೇ ಗೊತ್ತಾಗುವುದಿಲ್ಲವಂತೆ. ಭೂಮಿಯ ಮೇಲೆ ಇದಕ್ಕಿಂತ ದೊಡ್ಡ ಒಂಟಿ ಜ್ವಾಲಾಮುಖಿ ಇಲ್ಲ ಎಂದು ವಿಜ್ಞಾನಿಗಳು ಸಾರಿದರಂತೆ. ಕೆಲವು ವರ್ಷ ಬಿಟ್ಟು ಮತ್ತೆ ಅಳೆದು ನೋಡಿದರೆ ಅದು ಒಂಟಿ ಜ್ವಾಲಾಮುಖಿಯ ಹಾಗೆ ಹುಟ್ಟಿದ್ದೇ ಅಲ್ಲವಂತೆ. ಹಾಗೆಂದು ಹೇಳಿದ್ದೂ ಮೊದಲು ಸಾರಿದವರೇ ಅಂತೆ.

"ಅವರಿಗೆ ನಾಚಿಕೆ ಆಗ್ಲಿಲ್ವಾ?" ಎಂದು ಕೇಳಿದೆ.

"ಗೊತ್ತಿಲ್ಲ ಮೇಡಂ. ಆದ್ರೆ ಹೇಳಿದ್ರು."

ನನಗೇ ಚುಚ್ಚುತ್ತಿದ್ದಾನೆ. ತಿಳಿಯದಷ್ಟು ದಡ್ಡಿಯಲ್ಲ ನಾನು.

ಫೆಬ್ರವರಿ ೧೬, ಭಾನುವಾರ

ಮನೆಯವರ ಜೊತೆ ಮಾತು ಶುರುವಾಗಿದೆ. ಶುರು ಮಾಡಿದ್ದು ನಾನಲ್ಲ. ಹಿತ್ತಲಲ್ಲಿ ಬಿದ್ದಿದ್ದ ತಟ್ಟೆ ಬೆಟ್ಟವನ್ನು ಎತ್ತಿ ನೋಡಿ "ಇದೇನೇ, ಮುಚ್ಚಳ?" ಎಂದು ಕೇಳಿದರು. ಇದೇ ನಿಜವಾದ ಮೌನಾ ಲೋವಾ, ಯಾರ ಬೆರಳಿಗೂ ಸಿಗದ ದರಿದ್ರ ಬೆಟ್ಟ ಅಂದೆ.

"ಇಂಥ ಏರು ನನಗೆ ಚೆನ್ನಾಗಿ ಗೊತ್ತು. ಕಣ್ಣಿಗೆ ರಸ್ತೆ ಸಪಾಟು. ಆದ್ರೆ ಲೋಡ್ ಇದ್ರೆ ಎಂಜಿನ್ ಏದುಸಿರು ಬಿಡತ್ತೆ. ಹೊಸಬರು ಗಾಡಿ ಕೆಟ್ಟಿದೆ ಅಂತ ಕೆಳಗಿಳಿದು ನೋಡ್ತಾರೆ. ಗಾಡಿ ಕೆಟ್ಟಿರಲ್ಲ, ಅವರು ಇಪ್ಪತ್ತು ಮೈಲಿಯಿಂದ ಬೆಟ್ಟ ಹತ್ತುತಾ ಇರ್ತಾರೆ ಅಷ್ಟೇ."

"ಕಣ್ಣಿಗೆ ಕಾಣಲ್ವಾ?"

"ಕಣ್ಣಿಗೆ ಏನು ಕಾಣತ್ತೆ ಮಣ್ಣು? ಚಕ್ರಕ್ಕೆ ಗೊತ್ತಾಗತ್ತೆ. ನಡ್ಕೊಂಡು ಹೋದ್ರೆ ಮೀನಖಂಡಕ್ಕೆ ಗೊತ್ತಾಗತ್ತೆ."

ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಯಿತು, ನನಗೆ ಗೊತ್ತೇ ಆಗಲಿಲ್ಲ. ಇಷ್ಟು ವರ್ಷ ಮಕ್ಕಳ ಕೈ ಕೈ ಎಂದು ಬಡಿದುಕೊಂಡೆನಲ್ಲ! ಅವಕ್ಕೆ ಕಾಲು ಇಲ್ಲವೇ?

ಈ ಮನುಷ್ಯ ಮೂವತ್ತು ವರ್ಷ ಈ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿದ್ದರು ನೋಡಿ! ಮೊದಲೇ ಹೇಳಬಾರದೇ?

ಫೆಬ್ರವರಿ ೧೮, ಮಂಗಳವಾರ

ಕಾಲಲ್ಲಿ ಹತ್ತುವ ಮೌನಾ ಲೋವಾದ ಲೆಕ್ಕ: ಒಂದು ಸೆಂಟಿಮೀಟರಿಗೆ ನೂರು ಮೀಟರ್. ಈ ತುದಿಯಿಂದ ಆ ತುದಿಗೆ ಹನ್ನೆರಡು ಮೀಟರ್, ನಡುವೆ ಎತ್ತರ ನಲವತ್ತೆರಡು ಸೆಂಟಿಮೀಟರ್. ಎತ್ತರಕ್ಕೆ ಒಂದೇ ಪಟ್ಟು. ನೆತ್ತಿಯ ಮೇಲಿನ ಕುಳಿ ನಲವತ್ತೆಂಟು ಸೆಂಟಿಮೀಟರ್ ಉದ್ದ, ಆಳ ಎರಡಕ್ಕಿಂತ ಕಡಿಮೆ. ನನ್ನ ಹಳೆಯ ಮಾದರಿಯಲ್ಲಿ ಅದು ಹೆಬ್ಬೆಟ್ಟಿನ ತುದಿ ಇಳಿಯುವಷ್ಟು ಆಳ ಇತ್ತು.

ಹಿಂದಿನ ಅಂಗಳ ಕೇಳಲು ಹೆಡ್ ಮೇಡಂ ಹತ್ತಿರ ಹೋದೆ. "ಬೇಡ ಅಂತಲ್ಲ, ಆದ್ರೆ ಬೇಕಾ ಅಂತ" ಅಂದರು. ಬೇಡ ಅನ್ನಲಿಲ್ಲವಲ್ಲ, ಒಪ್ಪಿದರೆಂದೇ ತಿಳಿದುಕೊಂಡೆ. ಕಿಟಕಿಯಿಂದ ಇರುವೆ ಕಂಡಳು. ಹುಡುಗಿಯರೆಲ್ಲ ಒಬ್ಬರ ಭುಜ ಒಬ್ಬರು ಹಿಡಿದು ಸಾಲಾಗಿ ಹೋಗುತ್ತಿದ್ದರು. ಇವಳು ಕೊನೆಯಲ್ಲಿ, ಯಾರ ಭುಜವನ್ನೂ ಹಿಡಿಯದೆ, ಸದ್ದು ಕೇಳಿಕೊಂಡು ಹೋಗುತ್ತಿದ್ದಳು. ಬಾಗಿಲಿಗೆ ಹಣೆ ತಗುಲಿತು. ಆಗಲೂ ಕೈ ಹೊರಗೆ ಬರಲಿಲ್ಲ.

ನಾನು ಅಲ್ಲಿಂದ ನೇರವಾಗಿ ಹೋಗಿ ಅಂಗಳಕ್ಕೆ ಗೂಟ ಹೊಡೆದೆ.

ಫೆಬ್ರವರಿ ೨೨, ಶನಿವಾರ

ಮನೆಯವರ ಹಳೆಯ ಸ್ನೇಹಿತರ ಟಿಪ್ಪರಿನಲ್ಲಿ ಮೂರು ಲೋಡ್ ಮಣ್ಣು ಬಂತು. ಮನೆಯವರು ಮುಂದೆ ನಿಂತು "ಬಾ ಬಾ, ಬಾ ಬಾ, ಹೋಲ್ಡಾನ್" ಎಂದು ಕೂಗುತ್ತಿದ್ದರು, ಮದುವೆ ಗಂಡಿನ ಉತ್ಸಾಹ. ಮೇಷ್ಟ್ರು ಪ್ಯಾಂಟು ಮಡಚಿಕೊಂಡು ಬಂದು ಮಣ್ಣು ತುಳಿದು ಗಟ್ಟಿ ಮಾಡಿದರು. ಗೂಟದಿಂದ ಗೂಟಕ್ಕೆ ದಾರ ಕಟ್ಟಿ, ರಸಮಟ್ಟದ ಗುಳ್ಳೆ ನೋಡಿಕೊಂಡು ನಾನು ಕರಣೆಯಲ್ಲಿ ಸವರುತ್ತಾ ಹೋದೆ. ನಾನು ಸಪಾಟಾಯಿತು ಅಂದ ಜಾಗದಲ್ಲಿ ಅವರು ಬರಿಗಾಲಿಟ್ಟು "ಇಲ್ಲಿ ಒಂದು ಹಳ್ಳ ಇದೆ ಮೇಡಂ" ಅನ್ನುತ್ತಿದ್ದರು. ರಸಮಟ್ಟ ಇಟ್ಟರೆ ಇರುತ್ತಿತ್ತು. ಒಂಬತ್ತು ಸಲ ಹೀಗಾಯಿತು. ಎಣಿಸಿದ್ದೇನೆ.

"ನೀವು ಹೋಗಿ ಕೂತ್ಕೊಳಿ, ಸಾಕಾಗಿರಬೇಕು" ಅಂದೆ.

"ನೀವು ಅಂತ ಯಾಕೆ ಮೇಡಂ? ಬೈಯೋವಾಗ ನೀನು ಅಂತಿದ್ರಿ, ಅದೇ ಚೆನ್ನಾಗಿತ್ತು."

ಯಾಕಪ್ಪ ಯಾಕಪ್ಪನೇ. ಬೈಸಿಕೊಳ್ಳುವುದಕ್ಕೂ ಯಾಕೆ ಅನ್ನುತ್ತಾರೆ.

ಫೆಬ್ರವರಿ ೨೬, ಬುಧವಾರ

ಸೊಂಟ ಹಿಡಿದುಕೊಂಡಿದೆ. ನಾಲ್ಕು ಮೀಟರ್ ಉಳಿದಿದೆ. ಇಷ್ಟು ಕೆಲಸ ಮಾಡಿದರೂ ಎತ್ತರ ಅನ್ನುವುದು ಏನೂ ಕಾಣುವುದಿಲ್ಲ.

ಮಾರ್ಚ್ ೧, ಶನಿವಾರ

ಮುಗಿಯಿತು. ಹೆಡ್ ಮೇಡಂ ನೋಡಲು ಬಂದರು. ಅಂಗಳದ ಅಂಚಿನಲ್ಲಿ ನಿಂತು ಆ ಕಡೆ ಈ ಕಡೆ ನೋಡಿದರು.

"ಎಲ್ಲಿ ಬೆಟ್ಟ?"

"ಇದೇ ಮೇಡಂ."

"ಇದು ಮಣ್ಣು ಹರಡಿದ ಹಾಗಿದೆಯಲ್ರೀ. ಮೂರು ಲೋಡ್ ತರಿಸಿದ್ರಿ!" ಎಂದು ನಕ್ಕರು. "ಗುಡ್ಡ ಅಗೆದು ಇಲಿ ಹಿಡಿದ್ರು ಅನ್ನೋದು ಕೇಳಿದ್ದೆ. ನೀವು ಗುಡ್ಡ ಕಟ್ಟಿ ಇಲಿ ಮಾಡಿದೀರ."

ನನಗೆ ಪಿತ್ತ ನೆತ್ತಿಗೇರಿತು. ಎರಡು ಕಣ್ಣಿದೆ, ಅದಕ್ಕೊಂದು ಕನ್ನಡಕ ಬೇರೆ ಇದೆ, ಆದರೂ ಕಾಲ ಬುಡದಲ್ಲಿರುವ ಭೂಮಿಯ ಅತಿ ದೊಡ್ಡ ಬೆಟ್ಟಗಳಲ್ಲೊಂದು ಕಾಣುವುದಿಲ್ಲ! ಇದು ಕಡಲ ತಳದಿಂದ ಒಂಬತ್ತು ಕಿಲೋಮೀಟರ್ ಎದ್ದಿದೆ, ತನ್ನ ಭಾರಕ್ಕೆ ಆ ತಳವನ್ನೇ ಇನ್ನೆಂಟು ಕಿಲೋಮೀಟರ್ ಕುಗ್ಗಿಸಿ ಕೂತಿದೆ, ಇದಕ್ಕೆ ಚೂಪಾಗಿ ನಿಂತು ತೋರಿಸಿಕೊಳ್ಳುವ ದರ್ದಿಲ್ಲ ಅಂದೆ. ಗಂಟಲು ಸ್ವಲ್ಪ ಜೋರಾಯಿತೋ ಏನೋ. ಹೆಡ್ ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು.

ಅವರಿಗೆ ಹೇಳುತ್ತಿದ್ದಾಗಲೇ ನನ್ನ ಮೂವತ್ತು ವರ್ಷದ ಲಾಳಿಕೆ ನೆನಪಿಗೆ ಬಂತು. ಎಲ್ಲ ತಿಳಿದೂ ಇದನ್ನು ಚೂಪಾಗಿ ನಿಲ್ಲಿಸಿದವಳು ನಾನೇ ಅಲ್ಲವೇ. 'ಉದ್ದ ಬೆಟ್ಟ' ಅಂತ ಅರ್ಥ ಹೇಳಿಕೊಟ್ಟು ಎತ್ತರದ ಬೆಟ್ಟ ಮಾಡಿಕೊಟ್ಟೆ.

ಮಾರ್ಚ್ ೩, ಸೋಮವಾರ

ಹೆಡ್ ಮೇಡಂ ಹತ್ತಿರ ಹೋಗಿ ಬೀಗದ ಕೈ ಕೇಳಿದೆ. ಸಮಿತಿ ಇನ್ನೂ ಸೇರಿಲ್ಲ ಅಂದರು. ಸಮಿತಿ ಸೇರುವುದರೊಳಗೆ ತಪ್ಪು ಸರಿಪಡಿಸಬೇಕು, ತಪ್ಪು ನನ್ನದು ಎಂದೆ. ಅವರು ನನ್ನನ್ನೇ ಒಂದು ನಿಮಿಷ ನೋಡಿ ಬೀಗದ ಕೈ ಕೊಟ್ಟುಬಿಟ್ಟರು. ಇಷ್ಟು ಸುಲಭಕ್ಕೆ ಕೊಡುವುದಾದರೆ ಮೊದಲೇ ಯಾಕೆ ಕಿತ್ತುಕೊಳ್ಳಬೇಕಿತ್ತು?

ಮೇಷ್ಟ್ರು ಬ್ರೈಲ್ ಯಂತ್ರದಲ್ಲಿ ಪಟ್ಟಿಗಳನ್ನು ಒತ್ತಿಕೊಟ್ಟರು: 'ಎತ್ತರಕ್ಕೆ ಹತ್ತು ಪಟ್ಟು.' ಮೂವತ್ತಕ್ಕೆ ಇದೇ. ಟೋಬಾಕ್ಕೆ 'ಆಳಕ್ಕೆ ಹತ್ತು ಪಟ್ಟು.' ಅಡಿಯಲ್ಲಿ ಅಲ್ಲ, ಬೆಟ್ಟದ ಬುಡದಲ್ಲಿ, ಕೈ ಮೊದಲು ಬೀಳುವ ಜಾಗದಲ್ಲಿ ಅಂಟಿಸಿ ಮುಗಿಸಿದೆ.

ಮಾರ್ಚ್ ೫, ಬುಧವಾರ

ಬೆಳಿಗ್ಗೆ ಹತ್ತು ಗಂಟೆಗೆ ಮೇಷ್ಟ್ರು ಇರುವೆಯನ್ನು ಕರೆದುಕೊಂಡು ಬಂದರು. ಕೈ ಕಂಕುಳಲ್ಲೇ ಇತ್ತು. ಹಣೆಯ ಮೇಲೆ ಅವತ್ತು ಬಾಗಿಲು ತಗುಲಿದ ಗಾಯ ಒಣಗಿದೆ.

"ನಾನು ಏನೂ ಮುಟ್ಟಲ್ಲ ಮೇಡಂ" ಅಂದಳು ಮೊದಲೇ.

"ಕೈ ಅಲ್ಲೇ ಇಟ್ಕೋ. ಚಪ್ಪಲಿ ಬಿಟ್ಟು ನೇರ ನಡಿ, ಸಾಕು. ಕಾಲಿಗೆ ಏನೂ ತಗುಲಲ್ಲ."

ನಡೆದಳು. ಒಂದು, ಎರಡು, ಮೂರು. ನಾನು ಬಾಯಿ ಬಿಗಿಹಿಡಿದುಕೊಂಡಿದ್ದೆ. ನನ್ನ ಜೀವನದಲ್ಲಿ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ನೆನಪಿಲ್ಲ. ಎಂಟು ಹೆಜ್ಜೆ ಹಾಕಿ ನಿಂತಳು.

"ಎಲ್ಲಿ ಮೇಡಂ, ಏನೂ ಇಲ್ವಲ್ಲ?"

ಅವಳು ಹಿಮ್ಮಡಿ ಎತ್ತಿದಳು, ಇಳಿಸಿದಳು. ಮೈಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ನೋಡಿದಳು. ಹಿಂದಕ್ಕೆ ತಿರುಗಿ ಕೆಳಗೆ ನಡೆದಳು, ಮತ್ತೆ ಮೇಲೆ ಬಂದಳು, ಈ ಸಲ ನಿಧಾನವಾಗಿ.

"ಬೆರಳು ಮೇಲಿದೆ. ಹಿಮ್ಮಡಿ ಕೆಳಗಿದೆ" ಎಂದು ತನಗೆ ತಾನೇ ಹೇಳಿಕೊಂಡಳು. "ಮೇಡಂ, ನಾನು ಏನನ್ನೋ ಹತ್ತುತಾ ಇದೀನಿ."

"ಅರ್ಧಕ್ಕಿಂತ ಜಾಸ್ತಿ ಹತ್ತಿದೀಯ. ಮೌನಾ ಲೋವಾ ಅದು."

ಉಳಿದದ್ದನ್ನು ಓಡಿಕೊಂಡೇ ಹತ್ತಿದಳು. ನೆತ್ತಿಯ ಕುಳಿ ಕಾಲಿಗೆ ಸಿಕ್ಕಿತು. ಅದರಲ್ಲಿ ಎರಡೂ ಪಾದ ಜೋಡಿಸಿ ನಿಂತಳು.

"ಇದು ಎಷ್ಟು ಪಟ್ಟು?" ನಾನು ಅಂಟಿಸಿದ ಪಟ್ಟಿಗಳ ಸುದ್ದಿ ಹಾಸ್ಟೆಲಿಗೆಲ್ಲ ಹಬ್ಬಿದೆ.

"ಒಂದೇ ಪಟ್ಟು. ಇದ್ದದ್ದು ಇದ್ದ ಹಾಗೆ."

"ಹಳೇದು?"

"ಹತ್ತು."

"ಫ್ಯೂಜಿ?"

"ಹತ್ತು."

"ಎಟ್ನಾ? ಕಿಲಿಮಂಜಾರೊ?"

"ಹತ್ತು. ಎಲ್ಲಾನೂ ಹತ್ತು ಕಣೇ. ಮೂವತ್ತೊಂದೂ."

ಕಾಲಬೆರಳಿಂದ ಕುಳಿಯ ಮಣ್ಣು ಕೆದಕಿದಳು. "ನನಗೆ ಯಾಕೆ ಹೇಳ್ಲಿಲ್ಲ?" ಅಂದಳು.

ಇದಕ್ಕೆ ನನ್ನ ಹತ್ತಿರ ಉತ್ತರಗಳು ಇದ್ದವು. ರೂಢಿ, ದೊಡ್ಡ ಮೇಸ್ತ್ರಿ, ಬೆರಳಿಗೆ ಸಿಗದ್ದು. ಒಂದನ್ನೂ ಹೇಳಲಿಲ್ಲ.

"ಬರೆದಿದ್ದೆ. ನಿಮಗೆ ಯಾರಿಗೂ ಓದೋಕಾಗದ ಕಡೆ ಬರೆದಿದ್ದೆ. ಅವತ್ತು ನಿನ್ನ ಬೆರಳು ಹೇಳಿದ್ದು ಸರಿ. ನನ್ನ ಬೆಟ್ಟ ಹೇಗಿತ್ತೋ ಹಾಗೇ ಹೇಳ್ತು. ಸುಳ್ಳು ಹೇಳಿದ್ದು ನಾನು. ಅವರು ನಗಬೇಕಾಗಿದ್ದು ನನ್ನನ್ನ ನೋಡಿ."

ಅವಳ ಮುಖ ಕೆಂಪಾಯಿತು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ನನಗೆ ನಿಮ್ಮ ಮೇಲೆ ತುಂಬಾ ಕೋಪ ಬರ್ತಾ ಇದೆ" ಅಂದಳು.

"ಬರ್ಲಿ. ಚೆನ್ನಾಗಿ ಬರ್ಲಿ."

ಆಗ ಕಂಕುಳಿಂದ ಕೈ ತೆಗೆದಳು. ಕುಕ್ಕರಗಾಲಲ್ಲಿ ಕೂತು ಎರಡು ಅಂಗೈಯನ್ನೂ ಮಣ್ಣಿಗೆ ಒತ್ತಿದಳು. ಕುಳಿಯ ಅಂಚನ್ನು ಹಿಡಿದು ಸುತ್ತ ಬೆರಳಾಡಿಸಿದಳು, ಅದೇ ಇರುವೆ ಸಾಲು. ಮೇಷ್ಟ್ರು "ಏನ್ ಮಾಡ್ತಿದಾಳೆ ಮೇಡಂ?" ಎಂದು ಪಿಸುಗುಟ್ಟಿದರು. ನಾನು ಅವರ ಕೈ ಹಿಡಿದು ಅಮುಕಿದೆ.

"ಹಾಗಾದ್ರೆ ಎಲ್ಲಾನೂ ಮತ್ತೆ ಮೊದಲಿಂದ ಮುಟ್ಟಿ ನೋಡ್ಬೇಕು" ಅಂದಳು ಇರುವೆ, ಮಣ್ಣಿನಿಂದ ತಲೆಯೆತ್ತದೆ. "ನೀವು ಪಕ್ಕದಲ್ಲಿ ಕೂತು ಒಂದೊಂದಕ್ಕೂ ನಿಜ ಎಷ್ಟು ಅಂತ ಹೇಳ್ಬೇಕು. ನಾಳೆ ಎಂಟೂವರೆಗೆ ಬನ್ನಿ. ತಡ ಮಾಡ್ಬೇಡಿ."

ನಾಳೆ ನನಗೆ ರಜೆ. ಸೊಂಟ ನೋವಿಗೆ ಎಂದು ಬರೆದುಕೊಟ್ಟು ತಗೊಂಡ ರಜೆ. ಹದಿಮೂರು ವರ್ಷದ ಪೋರಿ ನನಗೇ ಹುಕುಂ ಮಾಡುತ್ತಾಳೆ, ಅದೂ ತಡ ಮಾಡಬೇಡಿ ಅಂತ! ಮೂವತ್ತು ವರ್ಷದಲ್ಲಿ ಒಂದು ದಿನವಾದರೂ ತಡವಾಗಿ ಹೋಗಿದ್ದೇನೆಯೇ ನಾನು? ಎರಡು ದಿನ ಹೋಗಿದ್ದೇನೆ, ಇರಲಿ. ಎಂಥ ದರ್ಪ ನೋಡಿ ಅದಕ್ಕೆ.

ಎಂಟಕ್ಕೇ ಹೋಗಿ ಬೀಗ ತೆಗೆದಿರಬೇಕು.